ಅಲ್ಲಾಡಿಸಿ ಕೊಂಡ ಕ್ಯಾಮೆರಾ

ತೆಂಗಿನಕಾಯಿ ಆರಿಸಲು ಬಲ್ಲವನು ಪ್ರಪಂಚದಲ್ಲಿ ಏನನ್ನು ಬೇಕಾದರೂ ಆರಿಸಬಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಮಾಯಸಂದ್ರದ ಹತ್ತಿರ ನಮ್ಮ ಹಳ್ಳಿ, ಹಳ್ಳಿಯ ಪಕ್ಕದಲ್ಲೇ ನಮ್ಮ ತೋಟ. ನಾನು ಮಾಯಸಂದ್ರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರೂ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿಗಳ ಯೋಗಕ್ಷೇಮ ನನ್ನ ಪಾಲಿಗೇ ಬಂದಿತ್ತು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ಇನ್ನೂ ನೀರಿದೆ. ಸದ್ದೇ ಇಲ್ಲದಿದ್ದರೆ ನೀರು ಇಂಗಿದೆ, ಆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡಿದೆ. ಗಟಗಟ ಅಂದರೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆ, ಇನ್ನು ಒಡೆಯಬಹುದು.

"ಕಣ್ಣು ಮುಚ್ಕೊಂಡು ಕೇಳ್ಬೇಕು ಕಣ್ಲಾ. ಕಣ್ಣು ಬುಟ್ಕೊಂಡಿದ್ರೆ ಕಿವಿ ಕೆಲ್ಸ ಮಾಡಲ್ಲ" ಎಂದು ಅಪ್ಪ ನನಗೆ ಚಿಕ್ಕಂದಿನಲ್ಲೇ ಉಪದೇಶ ಮಾಡಿದ್ದ. ಆ ಉಪದೇಶವೇ ಮುಂದೆ ನನ್ನನ್ನು ಮುಳುಗಿಸಿತು. ಅಪ್ಪನದೇನೂ ತಪ್ಪಿಲ್ಲ, ಅವನು ಕಾಯಿಯ ವಿಷಯ ಹೇಳಿದ್ದ.

ನನಗೆ ಫೋಟೋ ತೆಗೆಯುವ ಹುಚ್ಚಿತ್ತು. ಒಂದು ಹಳೆಯ ಕ್ಯಾಮೆರಾ, ಅದಕ್ಕೆ ಎರಡು ಲೆನ್ಸು: ಒಂದು ಸಾಧಾರಣದ್ದು, ಇನ್ನೊಂದು ದೂರದ್ದನ್ನು ಹತ್ತಿರಕ್ಕೆ ಎಳೆಯುವ ಉದ್ದನೆಯದು. ಮಗಳು ಶೈಲಜಾಗೆ ಖೋಖೋ ಹುಚ್ಚು. ಅವಳು ಓಡಿದರೆ ನಮ್ಮ ಊರಿನ ಹುಡುಗರೂ ದಾರಿ ಬಿಡುತ್ತಿದ್ದರು. ಹತ್ತನೇ ಕ್ಲಾಸು ಮುಗಿದ ಮೇಲೆ ತುಮಕೂರಿನಲ್ಲಿ ಹಾಸ್ಟೆಲ್ ಸೇರಿ, ಕಾಲೇಜಿನಲ್ಲಿ ಓದುತ್ತ ಆಟವನ್ನೂ ಮುಂದುವರಿಸಬೇಕೆಂದು ಅವಳ ಆಸೆ. ಅದಕ್ಕೆ ಅಡ್ಡ ನಿಂತವನು ನಮ್ಮಪ್ಪ. ಮನೆಯಲ್ಲಿ ಅವನ ಮಾತು ಮೀರುವ ಪದ್ಧತಿ ಇರಲಿಲ್ಲ. ಮಂಡಿನೋವಿನಿಂದ ಅವನು ಜಗುಲಿ ಬಿಟ್ಟು ಇಳಿಯುತ್ತಿರಲಿಲ್ಲ, ಆದ್ದರಿಂದ ಮೊಮ್ಮಗಳ ಆಟವನ್ನು ಒಂದು ಸಲವೂ ನೋಡಿರಲಿಲ್ಲ.

"ಕುಂಟೋಬಿಲ್ಲೆ ಆಡಕ್ಕೆ ತುಮಕೂರಿಗೆ ಯಾಕ್ಲಾ ಹೋಗ್ಬೇಕು? ಇಲ್ಲೇ ಅಂಗಳ ಇಲ್ವಾ?" ಎಂದು ಕೇಳಿದ.

"ಕುಂಟೋಬಿಲ್ಲೆ ಅಲ್ಲ ತಾತ, ಖೋಖೋ" ಎಂದಳು ಶೈಲ.

"ಅದೇನೋ ನಂಗೆ ತೋರ್ಸು. ಒಂದು ಫೋಟೋ ತೋರ್ಸು. ಆಮೇಲೆ ಮಾತು."

ಹಿಂದಿನ ವರ್ಷದ ಫೈನಲ್ಲಿಗೆ ನಾನು ಕ್ಯಾಮೆರಾ ಹಿಡಿದು ಹೋಗಿದ್ದೆ. ಸರಿಯಾಗಿ ಕೊನೆಯ ನಿಮಿಷಕ್ಕೆ ರೋಲಿನ ಮೂವತ್ತಾರು ಫೋಟೋಗಳೂ ಮುಗಿದು, ಟವೆಲ್ಲಿನ ಮರೆಯಲ್ಲಿ ಹೊಸ ರೋಲು ಹಾಕುತ್ತಿದ್ದೆ. ಆಗ ಶೈಲ ಗೆಲ್ಲಿಸಿದಳು. ನಾನು ತಲೆ ಎತ್ತಿದಾಗ ಜನ ಮೈದಾನಕ್ಕೆ ನುಗ್ಗಿದ್ದರು. ಅಪ್ಪನಿಗೆ ತೋರಿಸಿದ ಫೋಟೋದಲ್ಲಿ ಬರೀ ಬೆನ್ನುಗಳಿದ್ದವು. "ಈ ಬೆನ್ನುಗಳಲ್ಲಿ ನನ್ನ ಮೊಮ್ಮಗಳದ್ದು ಯಾವುದ್ಲಾ?" ಎಂದು ಅಪ್ಪ ಕೇಳಿದ. ಅದು ಅಲ್ಲಿರಲಿಲ್ಲ.

ಆದ್ದರಿಂದ ಈ ವರ್ಷ, ಅವಳ ಹೈಸ್ಕೂಲಿನ ಕೊನೆಯ ವರ್ಷ, ಎರಡನೆಯ ಕ್ಯಾಮೆರಾ ಕೊಳ್ಳುವ ಐತಿಹಾಸಿಕ ನಿರ್ಣಯವನ್ನು ಕೈಗೊಂಡೆ. ಲೆನ್ಸು ಹೇಗೂ ಎರಡಿದ್ದವು. ಬಾಡಿ, ಅಂದರೆ ಲೆನ್ಸಿಲ್ಲದ ಬರೀ ಪೆಟ್ಟಿಗೆ, ಒಂದು ತಂದರೆ ಸಾಕು. ಒಂದರಲ್ಲಿ ರೋಲು ಮುಗಿದರೆ ಇನ್ನೊಂದನ್ನು ಎತ್ತಿಕೊಳ್ಳುವುದು. ಇದನ್ನು ಹೆಂಡತಿ ಗಿರಿಜೆಗೆ ವೈಜ್ಞಾನಿಕವಾಗಿ ವಿವರಿಸಿದೆ. ಅವಳು ರೊಟ್ಟಿ ತಟ್ಟುತ್ತ ಕೇಳಿಸಿಕೊಂಡಳು.

"ಒಂದು ಕಣ್ಣು ಮುಚ್ಕೊಂಡು ನೋಡೋ ಕೆಲ್ಸಕ್ಕೆ ಎರಡು ಕ್ಯಾಮೆರಾ ಯಾಕ್ರೀ?" ಎಂದಳು.

ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆ.

ಹಳೆಯ ಕ್ಯಾಮೆರಾ ಮಾರುವ ಅಂಗಡಿಯವರು ಕನ್ನಡಕ ಹಾಕಿದ ಸೌಮ್ಯ ಮನುಷ್ಯ. ನನ್ನ ಲೆನ್ಸಿಗೆ ಹೊಂದುವ ಎರಡು ಬಾಡಿಗಳನ್ನು ಮೇಜಿನ ಮೇಲೆ ಇಟ್ಟರು. ಮೂರನೆಯದೊಂದು ಅವರ ಹಿಂದಿನ ಕಪಾಟಿನಲ್ಲಿತ್ತು.

ಕ್ಯಾಮೆರಾಕ್ಕೆ ದೊಡ್ಡ ಶತ್ರು ತೇವ ಎಂದು ಎಲ್ಲೋ ಓದಿದ್ದೆ. ತೇವ ಪತ್ತೆ ಮಾಡುವ ವಿದ್ಯೆ ನಮ್ಮ ಮನೆತನದ್ದು! ಮೊದಲನೆಯ ಬಾಡಿಯನ್ನು ಎತ್ತಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದೆ. ಸದ್ದಿಲ್ಲ. ಎರಡನೆಯದು. ಅದಕ್ಕೂ ಸದ್ದಿಲ್ಲ. ಎರಡೂ ಒಳಗೆ ಅಂಟಿಕೊಂಡಿವೆ, ಪೂರ್ತಿ ಒಣಗಿಲ್ಲ ಎಂದು ತೀರ್ಮಾನಿಸಿದೆ.

"ಏನು ಸಾರ್ ಮಾಡ್ತಿದ್ದೀರಿ?" ಎಂದರು ಅಂಗಡಿಯವರು.

"ಪರೀಕ್ಷೆ" ಎಂದೆ. "ಆ ಕಪಾಟಿನಲ್ಲಿರೋದು ಕೊಡಿ."

"ಅದು ಬೇಡ ಸಾರ್. ಅದು ರಿಪೇರಿಗೆ ಇಟ್ಟಿರೋದು."

ಒಳ್ಳೆಯ ಮಾಲನ್ನು ಕೊಬ್ಬರಿ ಮಂಡಿಯವರು ಹಿಂದೆ ಇಡುತ್ತಾರೆ ಎಂಬುದು ನಮ್ಮ ಕಡೆ ಹಸುಳೆಗೂ ಗೊತ್ತು. ಹಟ ಮಾಡಿ ಇಸಿದುಕೊಂಡು ಅಲ್ಲಾಡಿಸಿದೆ. ಗಟಗಟ! ಅಟ್ಟದಲ್ಲಿ ವರ್ಷ ಪೂರೈಸಿದ ಕಾಯಿಯ ಸದ್ದು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಇದೇ ಇರಲಿ" ಎಂದೆ.

"ಸಾರ್, ಒಳಗೆ ಏನೋ ಸಡಿಲ ಆಗಿದೆ, ಕೇಳಿಸ್ತಿಲ್ವಾ?"

"ಕೇಳಿಸ್ತಿದೆ. ಅದಕ್ಕೇ ಬೇಕು."

ಪಾಪ, ಆ ಮನುಷ್ಯ ಮೂರು ಸಲ ಬೇಡ ಎಂದರು. ಅವರು ಬೇಡ ಎಂದಷ್ಟೂ ನನಗೆ ಅದರ ಮೇಲೆ ಪ್ರೀತಿ ಹೆಚ್ಚಿತು. ಕೊನೆಗೆ, ನಾಳೆ ಬಂದು ಜಗಳ ಮಾಡುವುದಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಿ, ಕಾಗದದಲ್ಲಿ ಸುತ್ತಿ ಕೊಟ್ಟರು. "ನಿಮ್ಮ ಹಾಗೆ ಪರೀಕ್ಷೆ ಮಾಡೋರನ್ನ ನಾನು ನೋಡೇ ಇಲ್ಲ ಸಾರ್" ಎಂದರು. ನಾನು ಅದನ್ನು ಹೊಗಳಿಕೆಯೆಂದು ಸ್ವೀಕರಿಸಿದೆ.

ಬಸ್ಸಿನಲ್ಲಿ ತುಮಕೂರು ದಾಟುವವರೆಗೂ ಆಗಾಗ ಅಲ್ಲಾಡಿಸಿ ಆನಂದಪಟ್ಟೆ. ಆಮೇಲಿನ ಗುಂಡಿಗಳಲ್ಲಿ ಸದ್ದು ನಿಂತುಹೋಯಿತು. ಸ್ವಲ್ಪ ಕಳವಳವಾಯಿತಾದರೂ, ಊರಿಗೆ ಬಂದು ಗಟ್ಟಿಯಾಗಿ ಎರಡು ಸಲ ಕುಲುಕಿದ ಮೇಲೆ ಮತ್ತೆ ಗಟಗಟ ಅಂದಿತು. ಅಪ್ಪನ ಕಿವಿಗೂ ಹಿಡಿದೆ.

"ಚೆಂದಾಗಿ ಒಣಗ್ಯದೆ" ಎಂದ ಅಪ್ಪ.

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೇನು ಬೇಕು? ನಾನು ವಿಜ್ಞಾನದ ಮೇಷ್ಟ್ರು ಎಂಬುದನ್ನು ಓದುಗರು ದಯವಿಟ್ಟು ಮರೆಯಬೇಕು.

ಪಂದ್ಯ ತುರುವೇಕೆರೆಯ ಮೈದಾನದಲ್ಲಿ. ಫೈನಲ್ಲು ನಮ್ಮ ಹುಡುಗಿಯರಿಗೂ ತಿಪಟೂರಿನ ಹುಡುಗಿಯರಿಗೂ. ನಾನು ಕೊರಳಿಗೆ ಎರಡು ಕ್ಯಾಮೆರಾ ತೂಗಿಹಾಕಿಕೊಂಡು, ಜೋಡಿ ಗಂಟೆ ಕಟ್ಟಿದ ಎತ್ತಿನಂತೆ ಖೋಖೋ ಅಂಕಣದ ಒಂದು ಕಂಬದ ಆಚೆ ಬದಿಯಲ್ಲಿ ನಿಂತೆ. ಹಳೆಯದಕ್ಕೆ ಸಾಧಾರಣ ಲೆನ್ಸು, ಹೊಸದಕ್ಕೆ ಉದ್ದನೆಯದು. ಎದುರಾಳಿಯನ್ನು ಮುಟ್ಟಲು ಶೈಲ ಹಾರುವುದು ಈ ಕಂಬದ ಹತ್ತಿರವೇ ಎಂದು ನನಗೆ ಗೊತ್ತಿತ್ತು.

ಹಳೆಯದರಲ್ಲಿ ಮೂವತ್ತಾರು ಮುಗಿಯಿತು. ಅಭ್ಯಾಸಬಲದಿಂದ, ರೋಲು ಮುಂದೆ ಸರಿಸುವ ಲಿವರ್ ಎಳೆದು, ಅದನ್ನು ಗಿರಿಜೆಯ ಕೊರಳಿಗೆ ಹಾಕಿದೆ.

"ಇದರಲ್ಲಿ ಏನೂ ಇಲ್ಲ. ಸುಮ್ಮನೆ ಇಟ್ಟುಕೊಂಡಿರು, ಒತ್ತಬೇಡ" ಎಂದೆ.

"ಏನೂ ಇಲ್ಲದ್ದನ್ನ ಹೊರೋಕೆ ಬೇರೆ ನಾನು" ಎಂದು ಅವಳು ಮೈದಾನದ ಎದುರು ಬದಿಗೆ, ನಮ್ಮ ಶಾಲೆಯ ಹೆಂಗಸರ ಪಕ್ಕಕ್ಕೆ ಹೋದಳು.

ಹೊಸದನ್ನು ಎತ್ತಿದೆ. ಆಹಾ, ಅದರ ಲಿವರ್ ಏನು ನಯ! ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ನಮ್ಮ ಕಡೆ ಕಾಯಿ ಎಣಿಸುವಾಗ ಒಂದು ಎನ್ನದೆ ಲಾಭ ಎನ್ನುವಂತೆ "ಲಾಭ, ಎರಡು, ಮೂರು" ಎಂದು ಬಾಯಲ್ಲಿ ಎಣಿಸುತ್ತ ಹೊಡೆದೆ. ಮೂವತ್ತಾರು ಆಯಿತು. ನಿಲ್ಲಲಿಲ್ಲ. ನಲವತ್ತಾಯಿತು. ಆಗಲೂ ನಿಲ್ಲಲಿಲ್ಲ. ನೂರು ಕಾಯಿ ಎಣಿಸಿ ಕೊಟ್ಟವನು ಮೇಲೆ ನಾಲ್ಕಾರು ಕೊಸರು ಹಾಕುವುದು ಪದ್ಧತಿ, ಹಾಗೆಯೇ ಒಳ್ಳೆಯ ಕ್ಯಾಮೆರಾ ಕೊಸರು ಕೊಡುತ್ತಿದೆ ಎಂದುಕೊಂಡೆ. ಪಕ್ಕದಲ್ಲಿದ್ದ ನಮ್ಮ ಆಟದ ಮೇಷ್ಟ್ರು ರುದ್ರಪ್ಪನವರಿಗೆ ಹೇಳದೆ ಇರಲಾಗಲಿಲ್ಲ.

"ನಲವತ್ತೆಂಟು ರೀ ರುದ್ರಪ್ಪ. ಇನ್ನೂ ಬರ್ತಾನೇ ಇದೆ."

"ಅಷ್ಟು ಬರ್ತದಾ ಅದರಲ್ಲಿ?"

"ಆರಿಸೋದು ಗೊತ್ತಿದ್ರೆ ಬರುತ್ತೆ."

ಐವತ್ತೆರಡಕ್ಕೆ ಲಿವರ್ ಗಟ್ಟಿ ಹಿಡಿದುಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೈದಾನದಲ್ಲಿ ತಿಪಟೂರಿನ ಕೊನೆಯ ಓಟಗಾರ್ತಿ ಉಳಿದಿದ್ದಳು, ಸಮಯ ಕಾಲು ನಿಮಿಷ. ಶೈಲಗೆ ಖೋ ಸಿಕ್ಕಿತು. ನಾನು ಏನು ಮಾಡಬೇಕಿತ್ತು? ಕ್ಯಾಮೆರಾ ಬಿಟ್ಟು ಮಗಳನ್ನು ನೋಡಬೇಕಿತ್ತು. ನಾನೋ, ಒಳಗೆ ಏನಾಯಿತೆಂದು ತಿಳಿಯಲು ಕ್ಯಾಮೆರಾವನ್ನು ಕಿವಿಗೆ ಹಿಡಿದು, ಅಪ್ಪನ ಉಪದೇಶದಂತೆ ಕಣ್ಣು ಮುಚ್ಚಿ, ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದೆ. ಆಗ ಸೀಟಿ ಊದಿದ್ದೂ ಜನ ಕೂಗಿದ್ದೂ ಕೇಳಿಸಿತು. ಕಣ್ಣು ಬಿಟ್ಟರೆ ಹೋದ ವರ್ಷದ ಅವೇ ಬೆನ್ನುಗಳು.

ನಾವು ಗೆದ್ದಿದ್ದೆವು. ಶೈಲ ಮೊಣಕೈ ತರಚಿಕೊಂಡು, ಮೈಯೆಲ್ಲ ಮಣ್ಣಾಗಿ ಓಡಿ ಬಂದಳು.

"ಬಂತಾ ಅಪ್ಪಾ?" ಎಂದಳು.

"ಕೊನೇದು ಸಿಗಲಿಲ್ಲ ಮಗಳೇ. ಅದಕ್ಕೆ ಮುಂಚಿನವು ಐವತ್ತೆರಡು ಇವೆ. ತಾತ ನೋಡಿ ಸುಸ್ತಾಗಬೇಕು" ಎಂದೆ. ಅವಳು ನಕ್ಕಳು. ಅವಳು ನನ್ನನ್ನು ನಂಬಿಬಿಟ್ಟಳಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಎರಡೂ ಕ್ಯಾಮೆರಾಗಳನ್ನು ತಿಪಟೂರಿನ ಸ್ಟುಡಿಯೋದ ಶಾಂತಣ್ಣನ ಕೈಗೆ ಕೊಟ್ಟೆ. ಗಿರಿಜೆಯೂ ಜೊತೆಗಿದ್ದಳು. ಶಾಂತಣ್ಣ ಎರಡನ್ನೂ ಕತ್ತಲಕೋಣೆಗೆ ಒಯ್ದು, ಬಹಳ ಹೊತ್ತಿನ ಮೇಲೆ ಅಂಗೈಯಲ್ಲಿ ಎಳ್ಳಿನಷ್ಟು ಸಣ್ಣ ಸ್ಕ್ರೂ ಇಟ್ಟುಕೊಂಡು ಈಚೆಗೆ ಬಂದ.

"ಮೇಷ್ಟ್ರೇ, ಇದು ನಿಮ್ಮ ಹೊಸ ಕ್ಯಾಮೆರಾದೊಳಗೆ ಉದುರಿತ್ತು. ರೋಲು ಎಳೆಯೋ ಚಕ್ರದ್ದು. ರೋಲು ಇದ್ದ ಜಾಗ ಬಿಟ್ಟು ಅಲ್ಲಾಡೇ ಇಲ್ಲ."

"ಅಂದರೆ ಐವತ್ತೆರಡು ಫೋಟೋ?"

"ಎಲ್ಲಾ ಒಂದರ ಮೇಲೊಂದು, ಒಂದೇ ಫೋಟೋದೊಳಗೆ ಕೂತವೆ. ಪ್ರಿಂಟ್ ಹಾಕಿದ್ರೆ ಸುಣ್ಣ ಬಳಿದ ಗೋಡೆ ಥರ ಬತ್ತದೆ. ಹಾಕ್ಲಾ?"

ಬೇಡವೆಂದೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಗಟಗಟ ಅಂದದ್ದು ಏನೆಂದು ಈಗ ತಿಳಿಯಿತು. ಮಗಳಿಗೆ ಯಾವ ಮುಖ ತೋರಿಸುವುದು ಎಂದು ನಿಜವಾಗಿಯೂ ಸಂಕಟವಾಯಿತು. ಹಳೆಯದರ ಮೂವತ್ತಾರರಲ್ಲಿ ಅವಳು ಹಾರಿದ್ದು ಒಂದೂ ಇರಲಿಲ್ಲ. ಅಪ್ಪ ಒಂದು ಸಲ ಇಲ್ಲ ಅಂದರೆ ಮುಗಿಯಿತು. ಶೈಲಳ ತುಮಕೂರನ್ನು ಒಂದು ಸ್ಕ್ರೂವಿಗೆ ಸಿಕ್ಕಿಸಿ ಹಾಳು ಮಾಡಿದ್ದೆ.

"ಹಳೇದರಲ್ಲಿ ಮೂವತ್ತೇಳು ಬಂದವೆ" ಎಂದ ಶಾಂತಣ್ಣ.

"ಮೂವತ್ತಾರು."

"ಮೂವತ್ತೇಳು ಕಣ್ರೀ. ಕೆಲವು ರೋಲಲ್ಲಿ ಒಂದು ಕೊಸರು ಬತ್ತದೆ. ಆ ಕೊನೇದು ಯಾರು ತೆಗೆದಿದ್ದು? ಮಿಕ್ಕವೆಲ್ಲ ನೀವು ಯಾವಾಗ್ಲೂ ತೆಗೆಯೋ ಹಾಗೇ ಅವೆ. ಇದು ಚೆನ್ನಾಗದೆ."

ನಾನು ಗಿರಿಜೆಯ ಮುಖ ನೋಡಿದೆ. ಅವಳು ಗೋಡೆಯ ಮೇಲಿದ್ದ ಯಾರದೋ ಮದುವೆಯ ಫೋಟೋ ನೋಡುತ್ತಿದ್ದಳು.

"ನೀವು ಕಣ್ಮುಚ್ಕೊಂಡು ಕಾಯಿ ಅಲ್ಲಾಡಿಸ್ತಾ ನಿಂತಿದ್ರಿ. ಮಗು ಹಾರ್ತಿತ್ತು. ಯಾರಾದ್ರೂ ಒಬ್ರು ನೋಡ್ಬೇಕಲ್ಲ, ಒತ್ತಿದೆ" ಎಂದಳು. "ಅದರಲ್ಲಿ ಏನೂ ಇಲ್ಲ ಅಂತ ನೀವೇ ಹೇಳಿದ್ರಿ. ಅದಕ್ಕೇ ಸುಮ್ಮನಿದ್ದೆ."

ಫೋಟೋ ಸ್ವಲ್ಪ ಓರೆಯಾಗಿತ್ತು. ಆದರೆ ಶೈಲ ಇದ್ದಳು. ಒಂದು ಕೈ ಕಂಬದ ಸುತ್ತ, ಮೈ ನೆಲಕ್ಕೆ ತಾಗದೆ ಗಾಳಿಯಲ್ಲಿ, ಇನ್ನೊಂದು ಕೈಯ ಬೆರಳ ತುದಿ ತಿಪಟೂರಿನ ಹುಡುಗಿಯ ಬೆನ್ನಿನ ಮೇಲೆ. ಫೋಕಸ್ಸು ಮಾತ್ರ ನಾನು ಮೊದಲೇ ಆ ಕಂಬಕ್ಕೆ ಇಟ್ಟಿದ್ದೆ. ನನ್ನ ಪಾಲಿನ ಕೀರ್ತಿ ಅಷ್ಟೇ. ಕಂಬದ ಹಿಂದೆ, ಬಲಗಡೆಯ ಮೂಲೆಯಲ್ಲಿ, ಕಣ್ಣು ಮುಚ್ಚಿ ಕಿವಿಗೆ ಏನನ್ನೋ ಹಿಡಿದ ಒಬ್ಬ ಗಂಡಸೂ ಸ್ಪಷ್ಟವಾಗಿ ಬಿದ್ದಿದ್ದ.

ಜಗುಲಿಯ ಮೇಲೆ ಅಪ್ಪ ಆ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಶೈಲ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದಳು.

"ನೆಲ ಎಲ್ಲದೆ?" ಎಂದ.

"ಕೆಳಗದೆ ತಾತ."

"ಬಿದ್ದಾಗ ಏಟಾಯ್ತಾ?"

ಅವಳು ತರಚಿದ ಮೊಣಕೈ ತೋರಿಸಿದಳು. ಅಪ್ಪ ಅದನ್ನು ಮುಟ್ಟಿ ನೋಡಿದ. ಮತ್ತೆ ಫೋಟೋ ನೋಡಿದ. ಕೊನೆಗೆ ಗಿರಿಜೆಯ ಕಡೆ ತಿರುಗಿದ.

"ಹಾಸ್ಟಲ್ ಊಟ ಸಪ್ಪೆ ಇರ್ತದಂತೆ ಕಣಮ್ಮ. ಮಗು ಹೋಗೋವಾಗ ನಾಕು ಕೊಬ್ಬರಿ ಕಟ್ಟಿಕೊಡು. ಒಳ್ಳೇವು ನೋಡಿ ನೀನೇ ಆರಿಸು."

ಶೈಲ ತಾತನ ಕಾಲಿಗೆ ಬಿದ್ದು, ಎದ್ದು, ಅಂಗಳದಲ್ಲಿ ಒಂದು ಸುತ್ತು ಓಡಿಬಂದಳು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಪ್ಪ ಫೋಟೋದ ಮೂಲೆಗೆ ಬೆರಳಿಟ್ಟ.

"ಇವನ್ಯಾರ್ಲಾ? ಮಗು ಹಿಂಗೆ ಹಾರ್ತಿರುವಾಗ ಕಣ್ಮುಚ್ಕೊಂಡು ರೇಡಿಯೋ ಕೇಳ್ತಾವ್ನೆ?"

ಅಪ್ಪನ ದೃಷ್ಟಿ ಮಂದವಾಗಿತ್ತು, ದೇವರು ದೊಡ್ಡವನು. ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ ಹೇಳಿದಳು: "ಯಾರೋ ಬುಡಿ ಮಾವ. ಅಂಥೋರು ಎಲ್ಲಾ ಊರಲ್ಲೂ ಇರ್ತಾರೆ."

ಶಾಂತಣ್ಣ ಆ ಸ್ಕ್ರೂವನ್ನು ಅದರ ಜಾಗಕ್ಕೆ ಕೂರಿಸಿಕೊಟ್ಟ. ಎರಡನೆಯ ಕ್ಯಾಮೆರಾ ಈಗ ಗಿರಿಜೆಯದು. ತುಮಕೂರಿನಲ್ಲಿ ಶೈಲಳ ಪಂದ್ಯವಿದ್ದರೆ ಇಬ್ಬರೂ ಹೋಗುತ್ತೇವೆ. ಅವಳು ಫೋಟೋ ತೆಗೆಯುತ್ತಾಳೆ, ನಾನು ರೋಲು ಹಿಡಿದುಕೊಳ್ಳುತ್ತೇನೆ. ಆ ಫೋಟೋ ದೊಡ್ಡದಾಗಿ ನಮ್ಮ ಹಜಾರದಲ್ಲಿದೆ. ಬಂದವರೆಲ್ಲ ಮೊದಲು ಶೈಲಳನ್ನು ಹೊಗಳಿ, ಆಮೇಲೆ ಮೂಲೆಯವನನ್ನು ಗುರುತಿಸುತ್ತಾರೆ. "ಏನ್ ಮೇಷ್ಟ್ರೇ, ಮಗಳು ಗೆಲ್ತಾವ್ಳೆ, ನೀವು ಕ್ರಿಕೆಟ್ ಕಾಮೆಂಟರಿ ಕೇಳ್ತಿದ್ದೀರಲ್ಲ! ಎಷ್ಟಾಗಿತ್ತು ಸ್ಕೋರು?" ಎನ್ನುತ್ತಾರೆ. ಕ್ಯಾಮೆರಾ ಅಲ್ಲಾಡಿಸುತ್ತಿದ್ದೆ ಎನ್ನುವುದಕ್ಕಿಂತ ಕ್ರಿಕೆಟ್ಟೇ ಮೇಲು ಎಂದು ನಾನು ಒಪ್ಪಿಕೊಂಡುಬಿಡುತ್ತೇನೆ.

"ಐವತ್ತೆರಡು" ಎನ್ನುತ್ತೇನೆ. ಸುಳ್ಳಂತೂ ಅಲ್ಲ.