ಲ್ಯಾಪ್‌ಟಾಪಿನೊಳಗಿನ ಭಟ್ಟರು

ನಮ್ಮ ಮನೆಯವರು ಮುಂಬೈಯ ಹೋಟೆಲು ಬಿಟ್ಟು ಹೆಮ್ಮಾಡಿಗೆ ಬಂದು ಕೂತು ಎಷ್ಟೋ ವರ್ಷಗಳಾದವು. ಆದರೆ ಅಡುಗೆ ಭಟ್ಟರನ್ನು ಬದಲಾಯಿಸುವ ಚಟ ಮಾತ್ರ ಅವರನ್ನು ಇನ್ನೂ ಬಿಟ್ಟಿಲ್ಲ! ಮನೆಯಲ್ಲಿ ಅಡುಗೆ ಮಾಡುವವಳು ನಾನೊಬ್ಬಳೇ, ನನ್ನನ್ನು ಬದಲಾಯಿಸುವ ಧೈರ್ಯ ಅವರಿಗಿಲ್ಲ. ಹಾಗಾದರೆ ಆ ಭಟ್ಟರೆಲ್ಲ ಎಲ್ಲಿದ್ದಾರೆ ಅಂತ ಕೇಳುತ್ತೀರಾ? ಲ್ಯಾಪ್‌ಟಾಪಿನ ಒಳಗೆ!

ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಕಲಿತವಳು ನಾನು. ಅಲ್ಲದೆ ಇದನ್ನು ಓದಿದ ಮೇಲೂ ಅವರು ಊರಲ್ಲಿ ತಲೆ ಎತ್ತಿ ತಿರುಗಬೇಡವೇ?

ಲ್ಯಾಪ್‌ಟಾಪು ನಿಜವಾಗಿ ನನ್ನ ತಮ್ಮನದು. ಬ್ರಹ್ಮಾವರದ ಮನೆಯಲ್ಲಿ ಅವನು ಅದನ್ನು ಗುಜರಿಗೆ ಹಾಕಲು ಇಟ್ಟಿದ್ದ. ಇವರು ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ತಂದರು. ವೀಡಿಯೋ ನೋಡಿ ನೋಡಿ, ಯಾರನ್ನೂ ಕೇಳದೆ, ಅದರೊಳಗೆ ವಿಂಡೋಸ್ ಬದಲು ಲಿನಕ್ಸ್ ಎಂಬುದನ್ನು ತುಂಬಿದರು. ಸತ್ತಂತೆ ಬಿದ್ದಿದ್ದ ಪೆಟ್ಟಿಗೆ ಎದ್ದು ಕೂತಿತು. ಅಂದಿನಿಂದ ಮನೆಯಲ್ಲಿ ಆ ಲಿನಕ್ಸಿನ ಕರ್ನೆಲ್, ಕರ್ನೆಲ್, ಅದೊಂದೇ ಜಪ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಶಾಲೆ ಬಿಟ್ಟರೆ ಕುತೂಹಲ ಬಿಡುತ್ತದೆಯೇ? "ಹ್ವಾಯ್, ಕರ್ನೆಲ್ ಅಂದ್ರೆ ಎಂತದ್?" ಎಂದು ಕೇಳಿದೆ.

"ಕಾಣ್, ಗಿರಾಕಿ ಬಂದ್ ಮಸಾಲೆ ದೋಸೆ ಅಂತ. ಸಪ್ಲೈಯರ್ ಒಳಗ್ ಹೋಯ್ ಹೇಳ್ತ. ಒಲೆ ಹೊತ್ಸೂದ್, ಕಾವಲಿ ಕಾಯ್ಸೂದ್ ಎಲ್ಲ ಭಟ್ರ್. ಗಿರಾಕಿಗ್ ಭಟ್ರ ಮುಖವೇ ಕಾಂತಿಲ್ಲೆ. ಇದ್ರೊಳಗಿನ ಭಟ್ರೇ ಕರ್ನೆಲ್."

"ಹಂಗಾರೆ ನಾನೂ ಕರ್ನೆಲ್ಲೇ! ನನ್ ಮುಖ ನೀವ್ ಎಲ್ಲ್ ಕಾಂತ್ರಿ?"

ಅವರು ತಟ್ಟನೆ ಲ್ಯಾಪ್‌ಟಾಪಿನೊಳಗೆ ತಲೆ ಹಾಕಿದರು.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಮಗಳು ಹೆತ್ತಳು! ಮದುವೆಯಾಗಿ ಅದೆಷ್ಟೋ ಕಾಲ ಕಾದು, ಕೊಲ್ಲೂರಿಗೆ ಹರಕೆ ಹೊತ್ತು ಹೊತ್ತು, ಕಡೆಗೆ ಮುಂಬೈಯಲ್ಲಿ ಒಂದು ಹೆಣ್ಣು ಮಗು. ನಾನು ಅಜ್ಜಿಯಾದೆ! ಹಾಲು ಕೊಡುವವರಿಗೆ ಹೇಳಿದೆ, ಮೀನು ತರುವವಳಿಗೆ ಹೇಳಿದೆ, ತಪ್ಪಿ ಫೋನ್ ಮಾಡಿದ ಯಾರೋ ಅಪರಿಚಿತರಿಗೂ ಹೇಳಿದೆ. ಪಾಪ, ಅವರೂ ಖುಷಿಪಟ್ಟರು.

ನಾಮಕರಣ ಶುಕ್ರವಾರ ಎಂದಾಯಿತು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಅಜ್ಜಿ. ನನಗೋ ಮೊಣಕಾಲಿನ ಆಪರೇಷನ್ ಆಗಿದೆ, ಪ್ರಯಾಣ ಕೂಡದು ಎಂದಿದ್ದಾರೆ ಡಾಕ್ಟರು. "ಅಮ್ಮ, ನೀನೇ ಹೇಳ್ಕ್, ವೀಡಿಯೋದಗೆ ಹೇಳ್" ಎಂದು ಮಗಳ ಹಟ. ಆದರೆ ಫೋನಿನಲ್ಲಿ ಮಗುವಿನ ಮುಖ ನನ್ನ ಕಣ್ಣಿಗೆ ಗೇರುಬೀಜದಷ್ಟು ಕಾಣುತ್ತದೆ, ಮೂಗೆಲ್ಲಿ ಬಾಯೆಲ್ಲಿ ಗೊತ್ತಾಗುವುದಿಲ್ಲ. ಹೀಗಾಗಿ ಲ್ಯಾಪ್‌ಟಾಪೇ ಆಗಬೇಕು.

ಬುದ್ಧಿಯಿದ್ದವರು ಅದನ್ನು ಮುಟ್ಟದೆ ಬಿಡುತ್ತಿದ್ದರು. ಇವರು? "ಒಳ್ಳೆ ಕೆಲ್ಸಕ್ ಮುಂಚೆ ಮನಿಗ್ ಸುಣ್ಣ ಬಳಿತಿಲ್ಯಾ?" ಎಂದು ಲಿನಕ್ಸನ್ನು ಅಪ್‌ಗ್ರೇಡ್ ಮಾಡಿದರು! ಹೊಸ ಕರ್ನೆಲ್ ಬಂತು. ಹಳೆಯದೂ ತನ್ನ ಪಾಡಿಗೆ ಒಳಗೇ ಇತ್ತು. ಇದ್ದರೆ ಇರಲಿ ಅನ್ನುವ ಜನವೇ? ಒಂದು ಅಡುಗೆಮನೆಗೆ ಒಬ್ಬನೇ ಭಟ್ಟ, ಇಬ್ಬರಾದರೆ ಸೌಟಿಗೆ ಜಗಳ ಎಂಬುದು ಇವರ ಹೋಟೆಲಿನ ಕಾಯಿದೆ. ಆ ಕಾಯಿದೆಯ ಪ್ರಕಾರ ಹಳೆಯ ಕರ್ನೆಲನ್ನು ಕಿತ್ತು ಹಾಕಿ ಕೈ ಒರೆಸಿಕೊಂಡರು.

ಸಂಜೆ ಮಗಳಿಗೆ ಕರೆ ಮಾಡಿ ನೋಡಿದೆವು. ಮುಖ ಕಂಡಿತು, ಅವಳ ಮಾತೂ ಕೇಳಿತು. ನಾನು ಮಾತಾಡಿದೆ, ಮಾತಾಡಿದೆ, ಕಿರುಚಿದೆ. ಹೆದ್ದಾರಿಯ ಬಸ್ಸುಗಳಿಗೆ ಕೇಳಿಸಿರಬೇಕು, ಮುಂಬೈಗೆ ಮಾತ್ರ ಕೇಳಲಿಲ್ಲ!

"ಅಪ್ಪಯ್ಯ, ಅಮ್ಮ ಬಾಯಿ ಆಡ್ಸೂದ್ ಕಾಂತ್, ಮಾತ್ ಕೇಂತಿಲ್ಲೆ!"

ಹೊಸ ಭಟ್ಟರಿಗೂ ನಮ್ಮ ಹಳೆಯ ಮೈಕಿಗೂ ಹೊಂದಿಕೆಯಾಗಿರಲಿಲ್ಲ. ಇವರು ಹತ್ತಿರ ಬಗ್ಗಿ, "ಮದ್ವಿ ಆದ್ ಮೇಲೆ ಇದೇ ಮೊದಲ್ನೇ ಸಲ, ನಿನ್ ಮಾತ್ ಯಾರಿಗೂ ಕೇಣ್ದೆ ಇದ್ದದ್" ಎಂದರು. ಅವತ್ತು ಅವರಿಗೆ ಗಂಜಿಯ ಜೊತೆ ಉಪ್ಪಿನಕಾಯಿ ಸಿಗಲಿಲ್ಲ.

ಚಿತ್ರಕ್ಕೆ ಲ್ಯಾಪ್‌ಟಾಪು, ಮಾತಿಗೆ ಫೋನು ಎಂದು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರು. ಎರಡೂ ಸೇರಿ 'ಕೂಂಯ್' ಎಂದು ಕೂಗಿದ ಕೂಗಿಗೆ ನಮ್ಮ ಬೆಕ್ಕು ಹೆಂಚಿನ ಮಾಡು ಹತ್ತಿತು, ಅಲ್ಲಿ ಮಗು ಎದ್ದು ಅತ್ತಿತು.

ಮರುದಿನ ಲ್ಯಾಪ್‌ಟಾಪನ್ನು ಕುಂದಾಪುರದ ಅಂಗಡಿಗೆ ಒಯ್ದರು. ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ, "ಇದ್ ಬಾರೀ ಹಳ್ತಾಯ್ತ್ ಮಾರಾಯ್ರೆ, ಹೊಸ್ತ್ ಒಂದ್ ತಕಣಿ" ಎಂದರಂತೆ.

"ನಾನೂ ಹಳಬನೇ. ನನ್ ಹೆಂಡ್ತಿ ಹೊಸ್ತ್ ತಕಂಡ್ಳಾ?" ಎಂದು ಕೇಳಿ ಇವರು ತಿರುಗಿ ಬಂದರು.

ನನಗೆ ಒಳಗೊಳಗೇ ಸಂಕಟ. ಮಗುವಿಗೆ ಜನ್ಮವಿಡೀ ಕರೆಯುವ ಹೆಸರು, ಅದು ಮೊದಲು ನನ್ನ ಬಾಯಿಂದ ಅದರ ಕಿವಿಗೆ ಬೀಳಬೇಕು. ನಾನು ಬಾಯಿ ಆಡಿಸುವ ಗೊಂಬೆಯಂತೆ ಕೂರುವುದೇ? ಬಾಯಿಬಿಟ್ಟು ಹೇಳಲಿಲ್ಲ. ಆದರೆ ಇವರಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ, ಏಕೆಂದರೆ ಇವರೂ ತಮಾಷೆ ಮಾಡುವುದನ್ನು ನಿಲ್ಲಿಸಿದರು.

ಮತ್ತೆ ವೀಡಿಯೋ ನೋಡಿದರು. ಆಗ ಗೊತ್ತಾಯಿತು, ಕಿತ್ತು ಹಾಕಿದ ಕರ್ನೆಲನ್ನು ಪುನಃ ಕರೆಸಬಹುದು! ಒಂದೇ ಅಲ್ಲ, ಹಲವನ್ನು ಒಟ್ಟಿಗೆ ಇಟ್ಟುಕೊಳ್ಳಬಹುದು, ಅವು ಜಗಳ ಆಡುವುದಿಲ್ಲ. ಲ್ಯಾಪ್‌ಟಾಪು ಶುರುವಾಗುವಾಗ ಕಪ್ಪು ಪರದೆಯ ಮೇಲೆ ಎಲ್ಲದರ ಹೆಸರು ಬರುತ್ತದೆ, ಬೇಕಾದ್ದನ್ನು ಆರಿಸಿದರೆ ಆಯಿತು.

"ಭಟ್ರಿಗೆ ಸಿಟ್ಟಿಲ್ಲೆ ಕಾಣ್, ಕರ್‍ದ್ರೆ ಬತ್ರ್!" ಎಂದು ಅವರಿಗೆ ಆಶ್ಚರ್ಯವೋ ಆಶ್ಚರ್ಯ. ಮುಂಬೈಯಲ್ಲಿ ಬಿಟ್ಟು ಹೋದ ಒಬ್ಬ ಭಟ್ಟನೂ ತಿರುಗಿ ಬಂದದ್ದಿಲ್ಲವಲ್ಲ!

ಕಿತ್ತು ಹಾಕಿದ ಹಳಬರನ್ನೂ, ಹಳಬರಿಗೂ ಹೊಸಬರಿಗೂ ನಡುವಿನ ಇನ್ನೊಬ್ಬರನ್ನೂ ಕರೆಸಿದರು. ಆಮೇಲೆ ನಡೆದದ್ದು ಹೋಟೆಲಿನಲ್ಲಿ ಭಟ್ಟರಿಗೆ ಮಾಡುವ ಪರೀಕ್ಷೆಯೇ. ನಾನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತೆ. "ಈಗ ಯಾರ್ ಅಡ್ಗಿ?" ಎಂದು ಕೇಳುವುದು, ಅವರು ಬಾಣದ ಗುಂಡಿ ಒತ್ತುವುದು. ಹೊಸಬರು ಚುರುಕು, ಆದರೆ ಮೈಕು ಮುಚ್ಚಿತು. ನಡುವಿನವರು ಮೈಕು ತೆರೆದರು, ಆದರೆ ಒಳಗಿನ ಫ್ಯಾನು ಮಸಾಲೆ ಕಡೆಯುವ ಕಲ್ಲಿನಂತೆ ಗರಗರ ಎಂದಿತು. ಕಡೆಗೆ ಮೊದಲಿನ ಹಳಬರು. ಅವರು ಎದ್ದು ಕೂರುವಷ್ಟರಲ್ಲಿ ನನ್ನದೊಂದು ಲೋಟ ಕಾಪಿ ಮುಗಿಯಿತು. ಆದರೆ ಕ್ಯಾಮರಾ ಸರಿ, ಫ್ಯಾನು ಸರಿ, ಮೈಕೂ ಸರಿ!

"ಇವ್ರೇ ಸಮ. ನಿಧಾನ, ಆರೆ ಹೇಳದ್ ಕೇಂತ್ರ್" ಎಂದರು.

"ನಿಧಾನ ಒಂದ್ ನಿಮ್ಮಾಂಗೇ. ಹೇಳದ್ ಕೇಂಬುದ್ ಮಾತ್ರ ಬೇರೆ" ಎಂದೆ ನಾನು.

ಆದರೆ ಒಂದು ವಿಷಯ ನನಗೆ ಬಗೆಹರಿಯಲಿಲ್ಲ. ಗುರುವಾರ ಇವರು ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿ ಒರೆಸಿದರು. ಟೇಪು ಹಿಡಿದು ಅದನ್ನು ಅಳೆದರು, ಲ್ಯಾಪ್‌ಟಾಪನ್ನು ಅಳೆದರು, ನಾನು ಕೂರುವ ಕುರ್ಚಿಯನ್ನೂ ಅಳೆದರು! "ಎಂತ ಮಾಡ್ತ್ರಿ?" ಎಂದರೆ "ಧೂಳ್ ಹಿಡ್ದಿತ್" ಅಂದರು. ಧೂಳನ್ನು ಟೇಪು ಹಿಡಿದು ಅಳೆಯುವವರನ್ನು ನೀವು ಕಂಡಿದ್ದೀರಾ?

ಶುಕ್ರವಾರ ಬೆಳಿಗ್ಗೆ ಸೀರೆ ಉಟ್ಟು ಚಾವಡಿಗೆ ಬಂದೆ. ತೊಟ್ಟಿಲು ತೂಗುಹಾಕಿದ್ದರು. ನನ್ನ ಮಗಳು ಮಲಗಿ ಬೆಳೆದ ತೊಟ್ಟಿಲು. ಒಳಗೆ ನನ್ನ ಹಳೆಯ ಸೀರೆ ಮಡಚಿ ಹಾಸಿ, ಲ್ಯಾಪ್‌ಟಾಪನ್ನು ಪುಸ್ತಕದಂತೆ ಪೂರಾ ಬಿಡಿಸಿ ಮಲಗಿಸಿದ್ದರು. ಪರದೆಯ ಮೇಲೆ ಮಗು. ಕಣ್ಣು, ಮೂಗು, ತುಟಿ, ಎಲ್ಲ ಇದ್ದಷ್ಟೇ ದೊಡ್ಡದು! ಪಕ್ಕದಲ್ಲಿ ನನ್ನ ಕುರ್ಚಿ. ಕೂತರೆ ಮೊಣಕಾಲು ಮಡಚಬೇಕಿಲ್ಲ, ಬಗ್ಗಿದರೆ ಬಾಯಿ ಸರಿಯಾಗಿ ಮಗುವಿನ ಕಿವಿಯ ಹತ್ತಿರ.

"ಕಿವಿಯೊಳಗೆ ಹೇಳ್ಕಲ್ದಾ? ಬಗ್ಗಿ ಹೇಳ್" ಎಂದರು.

ಅಲ್ಲಿ ಮಗಳು ಮುಖ ಕಾಣುವಂತೆಯೇ ಫೋನನ್ನು ಮಗುವಿನ ಕಿವಿಯ ಪಕ್ಕ ಹಿಡಿದಳು. ನಾನು ಬಗ್ಗಿದೆ. "ಗೌರಿ" ಎಂದೆ. ಮೆಲ್ಲಗೆ, ಕಿವಿಯಲ್ಲಿ ಹೇಳುವಷ್ಟೇ ಮೆಲ್ಲಗೆ.

"ಅಮ್ಮ, ಕೇಂತ್!" ಎಂದಳು ಮಗಳು. ಮಗು ದನಿ ಬಂದ ಕಡೆಗೆ ಮುಖ ಹೊರಳಿಸಿತು.

ಕಣ್ಣು ಒರೆಸಿಕೊಂಡು ತಿರುಗಿದರೆ, ಇವರು ತೊಟ್ಟಿಲಿನ ಹಗ್ಗ ಹಿಡಿದು ನಿಂತಿದ್ದಾರೆ. ಲ್ಯಾಪ್‌ಟಾಪು ಸಮೇತ ತೊಟ್ಟಿಲು ಮೆಲ್ಲಗೆ ಆಚೆ ಈಚೆ ಆಡುತ್ತಿದೆ.

"ಹ್ವಾಯ್, ಮಗು ಮುಂಬೈಯಗೆ ಇತ್. ಎಂತಕ್ ತೂಗ್ತ್ರಿ?"

"ಗೊತ್ತಿತ್" ಎಂದರು. ತೂಗುವುದನ್ನು ನಿಲ್ಲಿಸಲಿಲ್ಲ.