ದಳಪತಿಯ ಮನೆಯಲ್ಲಿ ಹೊಗೆ

"ನನ್ನ ಕಣ್ಣೆದುರು ಹೊಗೆ ಬಾಲ ಮುದುರಿಕೊಂಡು ಮೇಲಕ್ಕೆ ಹೋಗಬೇಕು, ನೋಡ್ತಿರು" ಎಂದು ಘೋಷಿಸಿ ಆರ್ಮಾಂಡ್ ಸುತ್ತಿಗೆ ಎತ್ತಿದ.

ಅಮೆರಿಕದ ಮೇನ್ ರಾಜ್ಯದ ಉತ್ತರದ ತುದಿಯಲ್ಲಿರುವ ಆ ಪುಟ್ಟ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಇಪ್ಪತ್ತೆರಡು ವರ್ಷಗಳಿಂದ ಅವನೇ ದಳಪತಿ. ಅವನ ಮನೆಗೆ ನೂರು ವರ್ಷ ದಾಟಿತ್ತು. ಹಿಂದೆ ಇದ್ದವರು ಮುಂಗೋಣೆಯ ಅಗ್ಗಿಷ್ಟಿಕೆಗೆ ಇಟ್ಟಿಗೆ ಕಟ್ಟಿ ಬಾಯಿ ಮುಚ್ಚಿಸಿದ್ದರು. ಅದರ ಬಾಯಿ ಬಿಡಿಸುವುದು ಆರ್ಮಾಂಡನ ಪಣ.

"ಚಿಮಣಿ ಕೆಲಸದವನಿಗೆ ಒಂದ್ಸಲ ತೋರಿಸಬಾರದೇನ್ರೀ?" ಹೆಂಡತಿ ಜೆರ್ಮೇನ್ ಕೇಳಿದಳು.

"ಊರವರ ಚಿಮಣಿಗಳನ್ನೆಲ್ಲ ಬೈದು ಬರೋನು ನಾನು. ನಾನೇ ಆಳು ಕರೆಸಿದೆ ಅಂತ ಗೊತ್ತಾದ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ?"

"ಸರಿ. ಮರ್ಯಾದೆ ನಿಮ್ದು, ಪರದೆಗಳು ನಂದು. ಎರಡನ್ನೂ ನೋಡ್ಕೊಳ್ಳಿ."

ಮೂರು ವಾರ ಇಟ್ಟಿಗೆ ಒಡೆದ, ಗಾರೆ ಮೆತ್ತಿದ. ಕೆಮ್ಮಿದರೆ ಮಸಿ, ಸೀನಿದರೆ ಮಸಿ. ಬೆಳಗಿನ ಬಕ್‌ವೀಟ್ ಹಿಟ್ಟಿನ ದೋಸೆಯ ಮೇಲೂ ಅವನ ಐದು ಬೆರಳುಗಳ ಮುದ್ರೆ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಜಪಮಾಲೆ ಪ್ರಾರ್ಥನೆಗೆಂದು ಎಂಟು ಹೆಂಗಸರು ಬಂದು ಕುಳಿತರು. ಸಾಕ್ಷಿಗಳು ಇಷ್ಟು ಸಾಕೆಂದುಕೊಂಡು ಆರ್ಮಾಂಡ್ ಕಡ್ಡಿ ಗೀರಿದ. ಹೊಗೆ ಗಂಭೀರವಾಗಿ ಮೇಲಕ್ಕೆ ಹೋಯಿತು. ಅಲ್ಲಿ ಏನು ಕಂಡಿತೋ, ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಕೋಣೆಗೇ ಮರಳಿತು.

ತೊಂಬತ್ತರ ಒಡೀಲಜ್ಜಿ ಮಣಿ ಎಣಿಸುತ್ತಲೇ ಹೇಳಿದಳು: "ನರಕ ಹೇಗಿರುತ್ತೆ ಅಂತ ಗೊತ್ತಾಯ್ತು ಮಗಾ. ಇನ್ನು ಕಿಟಕಿ ತೆಗಿ."

"ಯಾರೂ ಯಾರನ್ನೂ ಕರೀಬೇಡಿ, ನಾನಿದ್ದೀನಿ" ಎಂದು ಆರ್ಮಾಂಡ್ ಕೆಂಡದ ಮೇಲೆ ಬೂದಿ ಸುರಿಯುವಷ್ಟರಲ್ಲಿ ಅವನ ಸೊಂಟದ ಪೇಜರ್ ಕೂಗಿಕೊಂಡಿತು. ಮನೆಯಲ್ಲಿ ಹೊಗೆ, ದಳದವರು ಕೂಡಲೇ ಹೊರಡಬೇಕು ಎಂದು ವಿಳಾಸ ಓದಿತು. ವಿಳಾಸ ಅವನದೇ.

"ನಾನೇ ಫೋನ್ ಮಾಡ್ದೆ" ಎಂದಳು ಒಡೀಲಜ್ಜಿ. "ನೀನೇ ತಾನೇ ವರ್ಷಾವರ್ಷ ಹೇಳೋದು, ಮೊದಲು ಫೋನ್, ಆಮೇಲೆ ಧೈರ್ಯ ಅಂತ?"

ಕೆಂಪು ಗಾಡಿ ಬಂತು. ಹಿಂದೆಯೇ ಅರ್ಧ ಊರು ಬಂತು. ಹೆಂಗಸರು ಅಂಗಳದಲ್ಲಿ ನಿಂತು ಪ್ರಾರ್ಥನೆ ಮುಂದುವರಿಸಿದರು. ಉಪದಳಪತಿ ಕೊರಿನ್ ಕಾಗದ ಹಿಡಿದು ನಿಯಮದಂತೆ ಕೇಳಿದಳು: "ಚಿಮಣಿನ ತಿಳಿದವರಿಂದ ಪರೀಕ್ಷೆ ಮಾಡಿಸಿದ್ರಾ, ಸರ್?"

"ಮಾಡಿಸಿದ್ದೆ."

"ಯಾರಿಂದ?"

"ಅವರ ಮುಖ ನೋಡಮ್ಮ, ಮಸಿಯಲ್ಲೇ ಬರೆದಿದೆ" ಎಂದಳು ಜೆರ್ಮೇನ್.

ಅಷ್ಟರಲ್ಲಿ ಏಣಿ ಹತ್ತಿದ ದಳದ ಹುಡುಗ ಲೂಸಿಯನ್ ಮೇಲಿಂದ ಕೂಗಿದ: "ಚಿಮಣಿಯ ತಲೆಗೆ ಟಾರ್ಪಾಲು ಬಿಗಿದಿದಾರೆ, ಚೀಫ್. ಬಿಚ್ಚೋಕೇ ಆಗ್ತಿಲ್ಲ. ಇಂಥ ಗಂಟು ಹಾಕೋರು ಈ ಊರಲ್ಲಿ ಒಬ್ಬರೇ, ನಮಗೆಲ್ಲ ಕಲಿಸಿದೋರು."

ಹಸಿ ಗಾರೆಗೆ ಮಳೆ ತಾಗದಿರಲೆಂದು ಹತ್ತು ದಿನದ ಕೆಳಗೆ ತಾನೇ ಹತ್ತಿ ಕಟ್ಟಿದ್ದು ಆರ್ಮಾಂಡನಿಗೆ ಆಗ ನೆನಪಾಯಿತು. ಊರು ಅವನನ್ನೇ ನೋಡುತ್ತಿತ್ತು.

"ಕೊಯ್ದುಬಿಡು" ಎಂದ ಮೆಲ್ಲಗೆ.

ಎಲ್ಲರೂ ಹೋದ ಮೇಲೆ ಜೆರ್ಮೇನ್ ಮೆಟ್ಟಿಲ ಮೇಲೆ ಅವನ ಪಕ್ಕ ಕುಳಿತು, ಮಸಿ ಮೆತ್ತಿದ ಕೆನ್ನೆಯನ್ನು ಕರವಸ್ತ್ರದಿಂದ ಒರೆಸಿದಳು.

"ಚಿಮಣಿ ಕೆಲಸದವನಿಗೆ ಫೋನ್ ಮಾಡ್ಲಾ?"

"ಮಾಡು."

"ಯಾರ ಮನೆ ಅಂತ ಹೇಳ್ಲಿ?"

ಆರ್ಮಾಂಡ್ ಬೀದಿಯ ಆಚೀಚೆ ನೋಡಿದ.

"ನಿನ್ನ ತವರುಮನೆ ಹೆಸರು ಹೇಳು."