ಮಾವನ ಇಳಿಜಾರು

ಭೂಮಿ ಗುಂಡಗಿದೆ ಎಂದು ಕೇಳಿ ನಿಜವಾಗಿಯೂ ಖುಷಿಪಟ್ಟವರು ಈ ಲೋಕದಲ್ಲಿ ನಮ್ಮ ಸೋದರಮಾವ ಒಬ್ಬರೇ. ಗುಂಡಗಿದ್ದರೆ ಎಲ್ಲಿ ನಿಂತರೂ ಮುಂದೆ ಇಳಿಜಾರು ಇರಲೇಬೇಕಲ್ಲ! ಅವರ ಹಳೆಯ ಡೀಸೆಲ್ ಕಾರು ಕೀಲಿ ತಿರುವಿದರೆ ಚಾಲೂ ಆಗುವ ಜಾತಿಯದಲ್ಲ. ಇಳಿಜಾರಿನಲ್ಲಿ ಬಿಟ್ಟು, ಉರುಳುವಾಗ ಗೇರಿಗೆ ಹಾಕಿದರೆ ಮಾತ್ರ ಅದಕ್ಕೆ ಜೀವ ಬರುತ್ತದೆ.

ಸಮತಟ್ಟು ನೆಲದಲ್ಲಿ ಅದು ಕೈಕೊಟ್ಟರೆ ಮಾವನ ತಪಾಸಣೆ ಶುರು. ಕೀಲಿ ತಿರುವುತ್ತಾರೆ, ಒಳಗಿನಿಂದ ‘ಟಕ್’ ಎಂದು ಒಂದೇ ಸದ್ದು. ಕಾರಿನ ದೀಪ ಹಚ್ಚಿ ನೋಡುತ್ತಾರೆ. ಊರಿಗೆಲ್ಲ ಕೇಳುವಂತೆ ಹಾರ್ನ್ ಹೊಡೆಯುತ್ತಾರೆ. ಬಾನೆಟ್ ಎತ್ತಿ ಬ್ಯಾಟರಿಯ ವಾಯರು ಅಲ್ಲಾಡಿಸಿ, ಇಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟರಿಗೆ ನಟ್ಟು ಬಿಗಿಯುವ ಪಾನಾದಿಂದ ನಾಲ್ಕು ಬಾರಿಸುತ್ತಾರೆ. ಕೊನೆಗೆ ದೊಡ್ಡ ಡಾಕ್ಟರರ ಗಾಂಭೀರ್ಯದಲ್ಲಿ, “ಬ್ಯಾಟರಿ ಛಲೋ ಅದ. ಸೆಲ್ಫ್ ಹಠ ಮಾಡಾಕತ್ತದ. ಬರ್ರಿ, ಎಲ್ಲಾರೂ ಒಂದ್ ಧಕ್ಕಾ ಹೊಡ್ರಿ” ಎನ್ನುತ್ತಾರೆ. ನಮ್ಮ ಆಳಂದದಲ್ಲಿ ಆ ಕಾರನ್ನು ನೂಕದ ಕೈ ಉಳಿದಿಲ್ಲ.

ನನ್ನನ್ನು ಕೊಡುವ ಮನೆ ನೋಡಲು ಹಿರಿಯರೆಲ್ಲ ಜೇವರ್ಗಿಗೆ ಹೋದ ದಿನದ ಕಥೆಯನ್ನು ಅವ್ವ ಇಂದಿಗೂ ಹೇಳುತ್ತಾಳೆ. ಅಲ್ಲಿಯ ಕರಿನೆಲ ರೊಟ್ಟಿಯ ಹಾಗೆ ಚಪ್ಪಟೆ. ಮಾವ ಎಲ್ಲರನ್ನೂ ಮನೆಯ ಮುಂದೆ ಇಳಿಸಿ, ಊರಾಚೆಯ ಸೇತುವೆಯ ಇಳುಕಲಿನಲ್ಲಿ ಕಾರು ನಿಲ್ಲಿಸಿ, ಧೋತರ ಎತ್ತಿ ಹಿಡಿದು ನಡೆದು ಬರುವಷ್ಟರಲ್ಲಿ ಉಳಿದವರು ಹೋಳಿಗೆ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದರು. ಎಲ್ಲರೂ ಸೋದರಮಾವನ ಮಾತಿಗೆ ಕಾದರು. “ಹುಡುಗ ಛಲೋ ಆದಾನ, ಮಂದಿನೂ ಛಲೋ ಆದಾರ” ಎಂದು ಮಾವ ಬೆವರು ಒರೆಸಿಕೊಂಡರು, “ಆದ್ರ ಮನಿ ಮುಂದ ಒಂದು ಇಳಿಜಾರಿಲ್ಲಲ್ರಿ?” ಸಂಬಂಧ ಮುರಿಯದೆ ಉಳಿದದ್ದು ನನ್ನ ಪುಣ್ಯ.

ಚೊಚ್ಚಲ ಹೆರಿಗೆಗೆ ನಾನು ತವರು ಆಳಂದಕ್ಕೆ ಬಂದೆ. ಒಂದು ಮುಂಜಾನೆ ಟ್ರ್ಯಾಕ್ಟರೊಂದು ನಮ್ಮ ಮನೆಯ ಮುಂದೆ ಮುರುಮು ಮಣ್ಣು ಸುರಿದು ಹೋಯಿತು. ಮಾವ ಅದನ್ನು ಬಡಿದು ದಿನ್ನೆ ಮಾಡಿ, ಕಾರನ್ನು ಹಿಂದಕ್ಕೆ ಹತ್ತಿಸಿ, ಗಾಲಿಗೆ ಕಲ್ಲು ಕೊಟ್ಟರು.

“ಏನೋ ಇದು, ಮನಿ ಮುಂದ ಗುಡ್ಡ ಮಾಡೀಯಲ್ಲ? ಹೊಸಾ ಸೆಲ್ಫ್ ಹಾಕ್ಸಬಾರದೇನು?” ಎಂದು ಅವ್ವ ರೇಗಿದಳು.

“ಹಾಕ್ಸೀನಿ ಅಕ್ಕಾ. ಆದ್ರ ಅದರ ಮ್ಯಾಲ ಭರೋಸಾ ಇಲ್ಲ.”

ಎದುರು ಮನೆಯ ಚಾಚಾ ಬಂದು, “ಹೆಲಿಕಾಪ್ಟರ್ ಇಳಸ್ತೀರೇನ್ರಿ?” ಎಂದು ವಿಚಾರಿಸಿ ಹೋದರು.

ನೋವು ಬಂದದ್ದು ಮಟಮಟ ಮಧ್ಯಾಹ್ನ. ನನ್ನ ಗಂಡ ಜೇವರ್ಗಿಯಲ್ಲಿ. ಓಣಿಯ ಗಂಡಸರೆಲ್ಲ ತೊಗರಿ ರಾಶಿಗೆ ಹೊಲದಲ್ಲಿ. ಅವ್ವ ನನ್ನನ್ನು ಕಾರಿನಲ್ಲಿ ಕೂರಿಸಿದಳು. ಮಾವ ಕೀಲಿ ತಿರುವಿದರು. ಟಕ್. ಹೊಸ ಸೆಲ್ಫೂ ಹಠಕ್ಕೆ ಬಿದ್ದಿತ್ತು! ಇನ್ನು ಹಾರ್ನ್ ಹೊಡೆಯುತ್ತಾರೆ, ಪಾನಾ ಹುಡುಕುತ್ತಾರೆ, ಧಕ್ಕಾ ಎನ್ನುತ್ತಾರೆ, ಹೊಡೆಯಲು ಯಾರಿದ್ದಾರೆ ಎಂದು ನನ್ನ ಜೀವ ಹಾರಿತು. ಮಾವ ಅದ್ಯಾವುದನ್ನೂ ಮಾಡಲಿಲ್ಲ. ಇಳಿದು ಕಲ್ಲು ಸರಿಸಿ, ಬಂದು ಕೂತು, ಬ್ರೇಕ್ ಬಿಟ್ಟರು.

“ಗಟ್ಟಿ ಹಿಡ್ಕೋ ಬೇ.”

ಕಾರು ತಾನಾಗಿ ಉರುಳಿತು. ಸೆಕೆಂಡ್ ಗೇರಿಗೆ ಹಾಕುತ್ತಲೇ ಒಮ್ಮೆ ಕುಲುಕಿ, ಕೆಮ್ಮಿ, ಚಾಲೂ ಆಯಿತು. ನೂಕಲು ಯಾರೂ ಇಲ್ಲದ ಇಂಥದೊಂದು ಮಧ್ಯಾಹ್ನ ಬರಬಹುದೆಂದು ಈ ಮನುಷ್ಯ ಮೊದಲೇ ಯೋಚಿಸಿದ್ದರು. ಅದು ಹೊಳೆದಾಗ ನೋವು ಮರೆತು ಅತ್ತುಬಿಟ್ಟೆ.

ಕಲಬುರಗಿಯ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಮಾವ ಅವಳ ಮುಖ ನೋಡಿದ್ದು ಎಲ್ಲರಿಗಿಂತ ತಡವಾಗಿ. ಕಾರು ನಿಲ್ಲಿಸಲು ಇಳಿಜಾರು ಹುಡುಕುತ್ತಿದ್ದರಂತೆ!

ಬಾಣಂತನ ಮುಗಿಸಿ ಕೂಸಿನೊಂದಿಗೆ ಜೇವರ್ಗಿಗೆ ಹೋದೆ. ನಮ್ಮ ಚಪ್ಪಟೆ ಅಂಗಳದ ಮುಂದೆ ಹೊಸದೊಂದು ಮುರುಮಿನ ದಿನ್ನೆ, ಅದರ ಮೇಲೆ ಮಾವನ ಕಾರು, ಗಾಲಿಗೆ ಅದೇ ಕಲ್ಲು. ಮಾವ ಕೈಯ ಮಣ್ಣು ಝಾಡಿಸಿಕೊಂಡು ಕೀಲಿಯನ್ನು ಕೂಸಿನ ಮುಷ್ಟಿಗೆ ಇಟ್ಟರು.

“ಕೂಸು ಇರೂ ಮನ್ಯಾಗ ಕಾರ್ ಬೇಕಾಗ್ತದ. ನಾ ಬಸ್ಸಿಗಿ ಹೋಗ್ತೀನಿ” ಎಂದು ಚಪ್ಪಲಿ ಮೆಟ್ಟಿದವರು, ಹಾದಿಯಿಂದ ತಿರುಗಿ ನೋಡಿದರು. “ಸೆಲ್ಫ್ ನಂಬಬ್ಯಾಡ ಬೇ. ಕಲ್ಲು ತೆಗಿ, ಬ್ರೇಕ್ ಬಿಡು. ಚಾಲೂ ಆಗೇ ಆಗ್ತದ.”